ಜಡೆಗೆ ಹತ್ತಿದ ಅರಿಶಿನ

ಸುನಿತಾಳಿಗೆ ತಾಳ್ಮೆ ಇರಲಿಲ್ಲ. ಬಸ್ಸು ನಿಲ್ಲುವ ಮೊದಲೇ ಇಳಿಯುವವಳು, ಹಾಲು ಉಕ್ಕುವ ಮೊದಲೇ ಒಲೆ ಆರಿಸುವವಳು. ಅಂಥವಳಿಗೆ ಸಿಕ್ಕಿದ್ದು ತಾಳ್ಮೆಯ ಕೆಲಸ. ಕೃಷ್ಣರಾಜಪೇಟೆಯ ಹೊರಗೆ, ಅಕ್ಕಿ ಗಿರಣಿಯ ಪಕ್ಕದ ಶೆಡ್ಡಿನಲ್ಲಿ, ಉಪಗ್ರಹಕ್ಕೆ ಬೇಕಾದ ವೈರುಗಳನ್ನು ಕಂತೆಯಾಗಿ ಹೊಂದಿಸಿ, ಎರಡು ಬೆರಳಗಲಕ್ಕೊಂದರಂತೆ ದಾರದ ಗಂಟು ಹಾಕುವುದು. ಕಾಗದಪತ್ರದಲ್ಲಿ ಅದಕ್ಕೆ ಹಾರ್ನೆಸ್ ಎಂದು ಹೆಸರು. ಅಲ್ಲಿನ ಹೆಂಗಸರು ಜಡೆ ಎನ್ನುತ್ತಿದ್ದರು.

ಬೆಂಗಳೂರಿನ ಒಂದು ಕಂಪನಿ ಸಂಪರ್ಕ ಉಪಗ್ರಹ ಕಟ್ಟುತ್ತಿತ್ತು. ಹೊರದೇಶದ ಒಂದು ಸ್ಕ್ರೂ ಕೂಡ ಇಲ್ಲದ ಮೊದಲನೆಯ ಉಪಗ್ರಹ ಇದೇ ಎಂದು ಕಂಪನಿಯವರು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು. ಜಡೆಯನ್ನು ಅವರು ಎರಡು ಕಡೆ ಕಟ್ಟಲು ಕೊಟ್ಟಿದ್ದರು. ಒಂದು ಇಲ್ಲಿ, ಇನ್ನೊಂದು ತಮಿಳುನಾಡಿನ ಗಡಿಯ ಹತ್ತಿರ. ಮೊದಲು ಪಾಸಾದದ್ದು ಉಪಗ್ರಹದೊಳಕ್ಕೆ, ಉಳಿದದ್ದು ಬೀರುವಿಗೆ. ಗೆದ್ದ ಕಡೆಯಿಂದ ಒಬ್ಬರು ಬೆಂಗಳೂರಿಗೆ ಹೋಗಿ, ಕಟ್ಟಿದ ಜಡೆಯನ್ನು ತಮ್ಮ ಕೈಯಾರೆ ಒಳಗೆ ಕೂರಿಸಬೇಕು. ಇಲ್ಲಿಂದ ಹೋಗುವವಳು ಸುನಿತಾ ಎಂದು ಸೂಪರ್‌ವೈಸರ್ ರವೀಂದ್ರ ಹೇಳಿಬಿಟ್ಟಿದ್ದ. ಅವತ್ತಿನಿಂದ ಅವಳಿಗೆ ಮಾಕವಳ್ಳಿಯ ಮನೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ.

"ಆಕಾಸಕ್ಕೆ ನೀನೇ ಓಯ್ತೀಯೇನಮ್ಮಿ?" ಎಂದು ತಾಯಿ ಬೆಟ್ಟಮ್ಮ ಕೇಳಿದ್ದಳು.

"ನಾನಲ್ಲ ಕಣವ್ವ. ನಾನಾಕಿದ್ ಗಂಟು ಓಯ್ತದೆ."

"ಗಂಟೇನೋ ಓಯ್ತದೆ. ಗಂಡು ಯಾವಾಗ ಬತ್ತಾನೆ?"

ಇನ್‌ಸ್ಪೆಕ್ಷನ್‌ಗೆ ಬೆಂಗಳೂರಿನವರು ಬರುವುದು ಗೌರಿ ಹಬ್ಬ ಕಳೆದ ಮೂರನೆಯ ದಿನಕ್ಕೆ ನಿಗದಿಯಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಸುನಿತಾ ಎಲ್ಲರ ಕೈ, ಕಿವಿ, ತಲೆ ನೋಡುತ್ತಿದ್ದಳು. ಹೂವು, ಬಳೆ, ಕುಂಕುಮ, ಪೌಡರು ಯಾವುದೂ ಒಳಗೆ ಹೋಗಬಾರದು. ಒಂದು ಎಳೆ ನೂಲು, ಒಂದು ಚಿಟಿಕೆ ಪುಡಿ ಬಿದ್ದರೂ ಮೇಲೆ ಹೋದಮೇಲೆ ರಿಪೇರಿಗೆ ಯಾರೂ ಹತ್ತಿ ಹೋಗುವುದಿಲ್ಲ. ಹಾಗೆ ನೋಡುವುದು ಲೈನ್ ಲೀಡರ್ ಆಗಿ ಅವಳ ಕೆಲಸ. ಆ ವರ್ಷವಷ್ಟೇ ಮದುವೆಯಾಗಿದ್ದ ಪ್ರಮೀಳಾಳ ಬಲಗೈಯಲ್ಲಿ ಹಳದಿ ದಾರ ಕಂಡಿತು.

"ಏನೇ ಅದು?"

"ಗೌರಿ ದಾರ ಕಣಕ್ಕ."

"ಬಿಚ್ಚು."

"ಮೊದಲ್ನೇ ಗೌರಿ ಅಕ್ಕ. ಗೌರಮ್ಮನ್ನ ನೀರಿಗ್ ಬುಡೋಗಂಟ ಬಿಚ್ಚಂಗಿಲ್ಲ ಅಂದವ್ರೆ ನಮ್ಮತ್ತೆ. ನಾಗಮಂಗಲದಲ್ಲಿ ಬಸ್ ಅತ್ಸೋಕ್ ಮುಂಚೆ ದಾರ ಎಳ್ದು ನೋಡೇ ಕಳ್ಸಿದ್ದು."

"ನಿಮ್ಮತ್ತೆ ಬಂದು ಇಲ್ಲಿ ಗಂಟಾಕ್ತಾಳಾ?"

"ಬಂದ್ರೂ ಬಂದ್ಳೇ. ನಿಂಗೊತ್ತಿಲ್ಲ ಅವಳ ವಿಸ್ಯ."

ಉಳಿದ ಹೆಂಗಸರು ನಕ್ಕರು. ಸುನಿತಾ ನಗಲಿಲ್ಲ. ದಾರ ಬಿಚ್ಚದವಳನ್ನು ಮನೆಗೆ ಕಳಿಸಬೇಕು, ಅದು ನಿಯಮ. ಕಳಿಸಿದರೆ ಒಂದು ಜಾಗ ಖಾಲಿ. ಜಡೆಯಲ್ಲಿ ಪ್ರಮೀಳಾ ಕಟ್ಟುತ್ತಿದ್ದ ಕವಲು ಇನ್ನೂ ಮೊಳದುದ್ದ ಬಾಕಿ ಇತ್ತು. ಗೋಡೆಯ ಗಡಿಯಾರ ನೋಡಿದಳು.

"ಮೊಣಕೈ ತಂಕ ಸರ್ಸು. ಮ್ಯಾಲೆ ಟೇಪ್ ಸುತ್ಕೊ. ಬ್ಯಾಗ ಬಾ, ಮದುವಣಗಿತ್ತಿ ಥರ ನಿಂತ್ಕಬೇಡ."

ಸಂಜೆ ನಾಲ್ಕಕ್ಕೆ ಕೊನೆಯ ಗಂಟು ಬಿತ್ತು. ಎಲ್ಲರೂ ಟೀಗೆ ಹೋದರು. ಸುನಿತಾಳೂ ಬಾಗಿಲ ತನಕ ಹೋದವಳು ತಿರುಗಿ ಬಂದಳು. ನಾಳೆ ಬರುವವರು ನೇರಳೆ ಬೆಳಕಿನ ಲ್ಯಾಂಪು ಹಿಡಿದು ಜಡೆಯನ್ನು ನೋಡುತ್ತಾರೆ. ಬರಿಗಣ್ಣಿಗೆ ಕಾಣದ ಕೊಳೆ ಆ ಬೆಳಕಿಗೆ ಹೊಳೆಯುತ್ತದೆ. ಅಂಥದೇ ಲ್ಯಾಂಪು ಇಲ್ಲಿಯೂ ಇತ್ತು. ಕೋಣೆಯ ದೀಪ ಆರಿಸಿ, ಲ್ಯಾಂಪನ್ನು ಜಡೆಯ ಉದ್ದಕ್ಕೂ ಹಿಡಿದುಕೊಂಡು ಹೋದಳು.

ಪ್ರಮೀಳಾಳ ಕವಲಿನಲ್ಲಿ ರಾಗಿ ಕಾಳಿನಷ್ಟು ಒಂದು ಚುಕ್ಕೆ ಹಸಿರು ಮಿಶ್ರಿತ ಹಳದಿಯಾಗಿ ಉರಿಯುತ್ತಿತ್ತು.

ಏನೆಂದು ಯೋಚಿಸಬೇಕಾಗಿರಲಿಲ್ಲ. ಟೇಪಿನ ಕೆಳಗೆ ಕೈ ಬೆವೆತಿದೆ, ದಾರದ ಅರಿಶಿನ ಬೆವರಿನ ಜೊತೆ ಮಣಿಕಟ್ಟಿಗೆ ಇಳಿದಿದೆ, ಮಧ್ಯಾಹ್ನ ಗ್ಲೌಸ್ ಬದಲಿಸುವಾಗ ಬೆರಳಿಗೆ ಹತ್ತಿದೆ. ಕಲೆ ಕಂಡರೆ ಮುಟ್ಟದೆ ರವೀಂದ್ರನನ್ನು ಕರೆಯಬೇಕು. ಅವನು ಬೆಂಗಳೂರಿಗೆ ಬರೆಯಬೇಕು. ಅವರ ಉತ್ತರ ಬರಬೇಕು. ಅಷ್ಟರಲ್ಲಿ ಗಡಿಯ ಕಡೆಯವರ ಜಡೆ ಪಾಸಾಗಿ ಗಾಡಿ ಹತ್ತಿರುತ್ತದೆ. ಸುನಿತಾ ಸ್ಟೂಲಿನ ಮೇಲೆ ಕೂತಳು, ಎದ್ದಳು, ಮೇಜನ್ನು ಒಂದು ಸುತ್ತು ಹಾಕಿದಳು. ಸ್ಪಿರಿಟ್ ಬಾಟಲಿ ಕೈಗೆ ಬಂತು.

ಒಂದು ಸಲ ಒರೆಸಿ ಲ್ಯಾಂಪು ಹಿಡಿದಳು. ರಾಗಿ ಕಾಳು ಇರಲಿಲ್ಲ. ಅದರ ಜಾಗದಲ್ಲಿ ಗೇಣುದ್ದ ಬೆಳಕು ಹರಡಿತ್ತು. ಮತ್ತೆ ಒರೆಸಿದಳು. ಸ್ಪಿರಿಟ್ಟಿನಲ್ಲಿ ಕರಗಿದ ಅರಿಶಿನವನ್ನು ಗಂಟಿನ ದಾರಗಳು ಹೀರಿಕೊಂಡವು. ಸೀರೆಗೆ ಬಿದ್ದ ಅರಿಶಿನ ಉಜ್ಜಿದಷ್ಟೂ ಹರಡುತ್ತದೆ ಎನ್ನುವುದು ಆ ಸೀಮೆಯ ಪುಟ್ಟ ಹುಡುಗಿಯರಿಗೂ ಗೊತ್ತು. ಸುನಿತಾಳಿಗೂ ಗೊತ್ತಿತ್ತು. ಗೊತ್ತಿದ್ದೇ ಮೂರನೆಯ ಸಲ ಒರೆಸಿದಳು.

ಟೀ ಕುಡಿದು ಬಂದ ಪ್ರಮೀಳಾ ಕತ್ತಲಲ್ಲಿ ಹೊಳೆಯುತ್ತಿದ್ದ ಜಡೆ ನೋಡಿ ಬಾಗಿಲಲ್ಲೇ ನಿಂತಳು.

"ಅಯ್ಯೋ ಸಿವ್ನೇ. ನನ್ನಿಂದ್ಲಾ ಅಕ್ಕ?"

"ಒಂದ್ ಚುಕ್ಕೆ ನಿಂದು. ಮಿಕ್ಕಿದ್ದೆಲ್ಲ ನಂದು."

ರವೀಂದ್ರನನ್ನು ಕರೆದದ್ದು ಪ್ರಮೀಳಾಳೇ. ಶ್ರೀರಂಗಪಟ್ಟಣದಿಂದ ದಿನಾ ಬೈಕಿನಲ್ಲಿ ಬಂದು ಹೋಗುವ ಅವನು ಆಗಲೇ ಹೊರಡಲು ಜರ್ಕಿನ್ ಹಾಕಿಕೊಂಡಿದ್ದ. ಅದನ್ನು ಕಳಚಿ, ಗೌನು ತೊಟ್ಟು ಒಳಗೆ ಬಂದ. ಬೈಯಲಿಲ್ಲ. ಲ್ಯಾಂಪು ಇಸಿದುಕೊಂಡು ಆ ತುದಿಯಿಂದ ಈ ತುದಿಗೆ ನೋಡಿದ.

"ಎಷ್ಟು ಸಲ ಒರೆಸಿದ್ಯಮ್ಮ?"

"ಮೂರು ಸಲ ಸಾರ್."

"ಚುಕ್ಕೆ ಇದ್ದಾಗ್ಲೇ ಕರೆದಿದ್ರೆ ಆ ಒಂದು ಗಂಟು ಬಿಚ್ಚಿ ಬೇರೆ ಹಾಕ್ಬೋದಿತ್ತು."

"ಬೆಂಗಳೂರ್ನಿಂದ ಉತ್ರ ಬರೋ ಒತ್ಗೆ..."

"ಇವತ್ತು ಅವರು ಫೋನ್ ಮುಂದೇನೇ ಕೂತವ್ರೆ. ಹತ್ತು ನಿಮಿಷದ ಮಾತು."

ಸುನಿತಾ ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದಳು. ಮುಚ್ಚಳ ಯಾವಾಗಲೋ ಬಿಗಿಯಾಗಿತ್ತು.

"ಅರಿಶಿನ ಯಾರದು?"

"ಒಳಕ್ ಬುಟ್ಟೋಳು ನಾನು."

"ಅದಲ್ಲ ನಾನು ಕೇಳಿದ್ದು."

ಪ್ರಮೀಳಾ ಗೌನಿನ ತೋಳು ಮೇಲೆ ಸರಿಸಿ, ಟೇಪು ಕಿತ್ತು ತೋರಿಸಿದಳು. "ಅಕ್ಕ ಬಿಚ್ಚು ಅಂತ್ಲೇ ಅಂದ್ಲು ಸಾರ್. ನಾನೇ ಬಿಚ್ಚಲ್ಲ ಅಂತ ಅಟ ಮಾಡ್ದೆ."

"ಬಿಚ್ಚು ಅಂದೋಳು ಬಿಚ್ಚಿಸ್ಬೇಕಿತ್ತು. ಇಬ್ಬರ ಹೆಸರೂ ಬರೀಬೇಕಾಯ್ತದೆ," ಎಂದು ರವೀಂದ್ರ ದೀಪ ಹಾಕಿದ. ಬಿಳಿ ಬೆಳಕಿನಲ್ಲಿ ಜಡೆ ಮತ್ತೆ ಏನೂ ಆಗದಂತೆ ಕಂಡಿತು. ಸುನಿತಾಳಿಗೆ ಒಂದು ಕ್ಷಣ ಅದನ್ನು ಹಾಗೇ ಡಬ್ಬಿಗೆ ಹಾಕಿ ಕಳಿಸಿಬಿಡೋಣ ಅನ್ನಿಸಿತು. ಬಾಯಿ ತೆರೆದಳು. ರವೀಂದ್ರ ಅವಳ ಮುಖ ನೋಡಿ, "ಬೇಡ," ಎಂದ.

ಮರುದಿನ ಬೆಂಗಳೂರಿನವರು ಬಂದು, ಜಡೆ ಫೇಲೆಂದು ಬರೆದು, ಟೀ ಕೂಡ ಕುಡಿಯದೆ ಹೋದರು. ಪ್ರಮೀಳಾಳನ್ನು ಆ ವಾರವೇ ಕೆಲಸದಿಂದ ಬಿಡಿಸಿದರು. ಸುನಿತಾಳನ್ನು ಇಟ್ಟುಕೊಂಡರು, ಗಂಟು ಹಾಕಲು ಬೇರೆ ಯಾರೂ ಅಷ್ಟು ಕಲಿತಿರಲಿಲ್ಲ. ಆದರೆ ಲೈನಿಗೆ ಲೀಡರ್ ಬೇರೆಯವಳಾದಳು. ಉಪಗ್ರಹಕ್ಕೆ ಏನೂ ಆಗಲಿಲ್ಲ. ಗಡಿಯ ಕಡೆಯವರ ಜಡೆಯನ್ನು ಒಳಗೆ ಕೂರಿಸಿಕೊಂಡು ಹೇಳಿದ ದಿನಕ್ಕೆ ಮೇಲೆ ಹೋಯಿತು. ಶೆಡ್ಡಿನಲ್ಲಿ ಎಲ್ಲರೂ ಒಂದು ಮೊಬೈಲಿನ ಸುತ್ತ ನಿಂತು ನೋಡಿದರು. ಸುನಿತಾ ಪೂರ್ತಿ ನೋಡುವಷ್ಟು ಹೊತ್ತು ನಿಲ್ಲಲಿಲ್ಲ.

ಇಲ್ಲಿ ಕೈತಪ್ಪಿ ಹೋದದ್ದು ಒಂದು ಜಡೆ, ಐವರು ಹೆಂಗಸರು ಒಂದು ಮಳೆಗಾಲವಿಡೀ ಕೂತು ಮಾಡಿದ ಕೆಲಸ, ಪ್ರಮೀಳಾಳ ನೌಕರಿ, ಸುನಿತಾಳ ಬೆಂಗಳೂರು.