ತುಂಬದ ಗುಂಡಿ

ಎಡಗೈಯಲ್ಲಿದ್ದ ಲಿಂಗದ ಮೇಲೆ ನೀರು ಬಿಡುತ್ತಿದ್ದ ಶಿವಗಂಗಮ್ಮ ತಟ್ಟನೆ ಕೈ ತಡೆದಳು. ಅಂಗೈಯನ್ನು ಮೂಗಿನ ಹತ್ತಿರ ತಂದಳು. ವಿಭೂತಿಯ ವಾಸನೆಯಲ್ಲ, ಪತ್ರೆಯದೂ ಅಲ್ಲ.

"ನೀಲಾ, ಈ ಚೆಂಬ್ನ ಯಾತ್ರಲ್ಲಿ ಬೆಳಗ್ದೆ?"

"ಉಣಸೆಹಣ್ಣಲ್ಲಿ ಕಣತ್ತೆ, ದಿನಾ ಬೆಳಗೋ ಅಂಗೇ," ಎಂದಳು ಸೊಸೆ ನೀಲಾಂಬಿಕೆ ಅಡಿಗೆಮನೆಯಿಂದ. "ನೀರೂ ಈಗ ಸೇದಿದ್ದೇಯ."

"ಆಸ್ಪತ್ರೆ ವಾಸ್ನೆ ಬತ್ತದಲ್ಲೇ."

ನೀಲಾಂಬಿಕೆ ಬಂದು ಚೆಂಬನ್ನು ಮೂಸಿದಳು. ವಾಸನೆಯ ಗುರುತು ಕೂಡಲೇ ಸಿಕ್ಕಿತು, ಅದು ಇಲ್ಲಿಗೆ ಹೇಗೆ ಬಂತೆಂದು ಮಾತ್ರ ತಿಳಿಯಲಿಲ್ಲ. ಹಿತ್ತಲಿಗೆ ಹೋಗಿ ಬಾವಿಯಿಂದ ಬೇರೆ ನೀರು ಸೇದಿದಳು. ಕೊಡದ ಜೊತೆಗೆ ವಾಸನೆಯೂ ಮೇಲೆ ಬಂತು. ಹಾಸನದಿಂದ ಬಂದಿದ್ದ ಅವಳ ಅಣ್ಣ ಷಡಕ್ಷರಿ ಅಲ್ಲೇ ಹಲ್ಲುಜ್ಜುತ್ತ ನಿಂತಿದ್ದ.

"ಅಣ್ಣಾ, ನಿನ್ನೆ ತಂದ ಫಿನಾಯಿಲ್ನ ಎಲ್ಲಿಗೆ ಸುರುದೆ?"

"ಕಕ್ಕಸಿನ ಗುಂಡಿಗೆ. ನೊಣ ಜಾಸ್ತಿ ಅಂದ್ಯಲ್ಲ, ಸೀಸೆ ಪೂರ್ತಿ ಬಗ್ಗಿಸ್ಬುಟ್ಟೆ. ಯಾಕೆ?"

ಅವಳು ಕೊಡವನ್ನು ಅವನ ಮುಂದಿಟ್ಟಳು. ಮೂಸಿದ ಷಡಕ್ಷರಿ ಬೇವಿನಕಡ್ಡಿಯನ್ನು ಬಾಯಿಂದ ತೆಗೆದು ಬಾವಿಯನ್ನೊಮ್ಮೆ, ಪಕ್ಕದ ಕಕ್ಕಸಿನ ತಡಿಕೆಯನ್ನೊಮ್ಮೆ ನೋಡಿದ. ನಡುವೆ ಒಂದು ಎಮ್ಮೆ ಕಟ್ಟುವಷ್ಟು ಜಾಗವಿತ್ತು.

ಬಾಗೂರಿನ ಆ ಬೀದಿಯಲ್ಲಿ ಹಿತ್ತಲಿಗೆ ಕಕ್ಕಸು ತಂದ ಮೊದಲಿಗ ಶಿವಗಂಗಮ್ಮನ ಮಗ, ಕೊಬ್ಬರಿ ವ್ಯಾಪಾರದ ನಂಜಯ್ಯ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಜನ ನಕ್ಕಿದ್ದರು. ನಗುವವರಿಗೇನು? ಯುದ್ಧದ ದೆಸೆಯಿಂದ ಲಾಟೀನಿಗೆ ಸೀಮೆಎಣ್ಣೆ ಸಿಗದೆ, ಮಂಡಿನೋವಿನ ತಾಯಿ ಕತ್ತಲಲ್ಲಿ ತಡವರಿಸುತ್ತ ಹೊಲಕ್ಕೆ ಹೋಗುವುದನ್ನು ನೋಡಲಾರದೆ ಅವನು ಗುಂಡಿ ತೋಡಿಸಿದ್ದ. ಶಿವಗಂಗಮ್ಮ ಒಂದೇ ಷರತ್ತು ಹಾಕಿದ್ದಳು. ಅಲ್ಲಿಂದ ಬಂದವಳು ಸ್ನಾನ ಮಾಡದೆ ಏನನ್ನೂ ಮುಟ್ಟಲಾರಳು, ಆದ್ದರಿಂದ ಗುಂಡಿ ಬಾವಿಯ ಪಕ್ಕದಲ್ಲೇ ಇರಬೇಕು. ನೆಲದ ಮೇಲೆ ಕೋಲಿನಿಂದ ಗೀರು ಹಾಕಿ ಜಾಗ ತೋರಿಸಿದವಳೂ ಅವಳೇ.

ಆಮೇಲೆ ಕೆಳಗಿನ ಬೀದಿಯ ಚನ್ನಬಸವಯ್ಯನೂ ಒಂದು ಗುಂಡಿ ತೋಡಿಸಿದ. ಅವನದು ಎರೆಮಣ್ಣು. ಒಂದೇ ಮಳೆಗೆ ಗುಂಡಿ ತುಂಬಿ ತುಳುಕಿ, ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡುವಂತಾಯಿತು. ನಂಜಯ್ಯನ ಮನೆ ಇದ್ದದ್ದು ನೀರು ನಿಲ್ಲದ ಗರಸು ದಿಬ್ಬದ ಮೇಲೆ. ಅವನ ಗುಂಡಿ ತುಂಬಲೇ ಇಲ್ಲ, ಬಾವಿಯ ಪಕ್ಕದ ಬಾಳೆಯೋ ಬೀದಿಯವರ ಕಣ್ಣು ಕುಕ್ಕುವಂತೆ ಬೆಳೆಯಿತು. "ನಮ್ ಮಣ್ಣು ಏನ್ ಆಕುದ್ರೂ ನುಂಗ್ಕತದೆ ಕಣಯ್ಯ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದ. ನುಂಗಿದ್ದು ಎಲ್ಲಿಗೆ ಹೋಗುತ್ತದೆಂದು ಕೇಳುವ ಬುದ್ಧಿ ಅವನಿಗೂ ಬರಲಿಲ್ಲ, ತಲೆದೂಗಿದವರಿಗೂ ಬರಲಿಲ್ಲ.

ಮಾತು ಕೇಳಿ ನಂಜಯ್ಯ ಹಿತ್ತಲಿಗೆ ಬಂದ. ಷಡಕ್ಷರಿ ಕೊಡ ತೋರಿಸಿದ. ನಂಜಯ್ಯ ಬಗ್ಗಿ ಮೂಸಿ ತಡಿಕೆಯತ್ತ ತಿರುಗಿದ.

"ಯಾವತ್ತಿಂದ ಇದು?"

"ಫಿನಾಯಿಲ್ ನಿನ್ನೇದು ಭಾವ," ಎಂದ ಷಡಕ್ಷರಿ ಮೆಲ್ಲಗೆ. "ಮಿಕ್ಕಿದ್ದು ಗುಂಡಿ ತೋಡ್ದಾಗ್ನಿಂದ ಬತ್ತಿರ್ಬೇಕು. ಅದ್ಕೆ ವಾಸ್ನೆ ಇರ್ಲಿಲ್ಲ ಅಷ್ಟೆ."

ನೀಲಾಂಬಿಕೆ ಬಾಳೆಯ ಬುಡಕ್ಕೆ ಓಡಿ ವಾಂತಿ ಮಾಡಿಕೊಂಡಳು.

ಹಿತ್ತಲ ಬಾಗಿಲಲ್ಲಿ ಶಿವಗಂಗಮ್ಮ ನಿಂತಿದ್ದಳು. ನಡುಪೂಜೆಯಲ್ಲಿ ಎಂದೂ ಏಳದವಳು, ಅಂಗೈಯಲ್ಲಿ ಲಿಂಗ ಹಿಡಿದೇ ಎದ್ದು ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಈ ನೀರ್ನ ನಾನು ಸಿವನ ಮ್ಯಾಲೆ ಬುಟ್ನಲ್ಲಪ್ಪ."

"ನಿಂದೇನವ್ವ ತಪ್ಪು, ತೋಡ್ಸಿದ್ದು ನಾನು."

"ಜಾಗ ತೋರ್ಸಿದ್ದು ನಾನು ಕಣಪ್ಪ," ಎಂದವಳು ಮಗು ಮಲಗಿದ್ದ ಒಳಮನೆಯತ್ತ ತಿರುಗಿದಳು.

ಮೊಮ್ಮಗ ಪಾಲಾಕ್ಷನಿಗೆ ಮಳೆಗಾಲ ಹಿಡಿದಾಗಿನಿಂದ ಭೇದಿ. ಎರಡು ವರ್ಷದ ಮಗು, ಪಕ್ಕೆಲುಬು ಕಾಣುವಂತೆ ಸೊರಗಿತ್ತು. ಚನ್ನರಾಯಪಟ್ಟಣದ ಡಾಕ್ಟರು ಔಷಧಿ ಕೊಟ್ಟು, ನೀರನ್ನು ಕಾಯಿಸಿ ಆರಿಸಿ ಕುಡಿಸಿ ಎಂದಿದ್ದರು. ನೀಲಾಂಬಿಕೆ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ತೀರ್ಥವನ್ನು ಯಾರು ಕಾಯಿಸುತ್ತಾರೆ? ಲಿಂಗದ ಮೇಲಿಂದ ಇಳಿದ ನೀರನ್ನು ಶಿವಗಂಗಮ್ಮ ದಿನವೂ ತನ್ನ ಕೈಯಾರೆ ಮಗುವಿಗೆ ಕುಡಿಸುತ್ತಿದ್ದಳು. ಮಗು ಸೊರಗಿದಷ್ಟೂ ಹೆಚ್ಚು ಕುಡಿಸಿದ್ದಳು.

"ನೀಲಾ," ಎಂದಳು. "ಮೊದಮೊದ್ಲು ಬ್ಯಾಡ ಬ್ಯಾಡ ಅಂತ ಅದು ಮಖ ತಿರುಗ್ಸುದ್ರೂ ನಾನು ಬುಡ್ಲಿಲ್ಲ ಕಣೇ. ಹಿಡ್ದು ಹಿಡ್ದು ಕುಡಿಸ್ದೆ."

ನೀಲಾಂಬಿಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಅತ್ತೆಯನ್ನು ನೋಡಿದಳು. ನಂಜಯ್ಯ ಬಾವಿಯ ಹಗ್ಗವನ್ನು ಸುಮ್ಮನೆ ಸುತ್ತುತ್ತಿದ್ದ.

ಅಷ್ಟರಲ್ಲಿ ನಿದ್ದೆಯಿಂದೆದ್ದ ಪಾಲಾಕ್ಷ ಗೋಡೆ ಹಿಡಿದುಕೊಂಡು ಬಂದ. ಅಜ್ಜಿಯ ಒದ್ದೆ ಅಂಗೈ ಕಂಡದ್ದೇ ಅವಳ ಕಾಲ ಬಳಿ ಕುಳಿತು, ಮುಖ ಮೇಲೆತ್ತಿ, ಬಾಯಿ ತೆರೆದ. ಶಿವಗಂಗಮ್ಮ ಲಿಂಗದ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದಳು. ಮಗು ಬಾಯಿ ತೆರೆದುಕೊಂಡೇ ಕಾಯುತ್ತಿತ್ತು.