ಜೋಹಡ್‌ನಲ್ಲಿ ನೀರಿದೆಯಂತೆ

ಗಾಳಿ, ನೀರು, ಮರಗಳ ಬಗ್ಗೆ ರಾಜಕಾರಣಿಗಳು ಆಡುವ ಮಾತನ್ನು ಒರೆಗೆ ಹಚ್ಚುವುದು ಹೇಗೆಂದು ಕಲಿಸುವುದೇ ಅಹಲ್ಯಾಳ ಕೆಲಸ. ದಿಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಅವಳ ತರಗತಿಗೆ ಹುಡುಗರು ಕಿಕ್ಕಿರಿದು ಬರುತ್ತಿದ್ದರು. ಅದಕ್ಕೆ ಕಾರಣ ಒಂದು ಚಿತ್ರ. ದಿಲ್ಲಿಯ ಅಂಚಿನ ನಜಫ್‌ಗಢದಾಚೆಯ ಹಳ್ಳಿಯೊಂದರ ಜೋಹಡ್, ಅಂದರೆ ಊರ ಕೆರೆ, ಆ ಚಿತ್ರದಲ್ಲಿ ಬಿರುಕು ಬಿಟ್ಟು ಒಣಗಿ ಬಿದ್ದಿತ್ತು. ಕೆಳಗೆ ಆ ಕ್ಷೇತ್ರದ ನಾಯಕರ ಮಾತು: ‘ಊರಿನ ಎರಡೂ ಜೋಹಡ್‌ಗಳಿಗೆ ಜೀವ ತುಂಬಿದ್ದೇವೆ.’ ತೆರೆಯ ಮೇಲೆ ಅದು ಮೂಡಿದೊಡನೆ ತರಗತಿ ಗೊಳ್ಳೆಂದು ನಗುತ್ತಿತ್ತು. ಅಹಲ್ಯಾಗೂ ಆ ನಗು ರೂಢಿಯಾಗಿಬಿಟ್ಟಿತ್ತು.

ಅದಕ್ಕೆ ಕಲ್ಲು ಹಾಕಿದವನು ಚರಣ್. ಅವಳ ವಿದ್ಯಾರ್ಥಿ, ದಿಲ್ಲಿಯ ಪೀತಮ್‌ಪುರದಲ್ಲೇ ಹುಟ್ಟಿ ಬೆಳೆದ ಹುಡುಗ. ತಂದೆ ಶಂಕರಪ್ಪ ಹಾವೇರಿ ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಯಾವುದಾದರೊಂದು ಹೇಳಿಕೆಯನ್ನು ಪರೀಕ್ಷಿಸಿ ಬರೆದು ತನ್ನಿ ಎಂದರೆ, ಈ ಪುಣ್ಯಾತ್ಮ ಅದೇ ಊರಿನ ಅದೇ ಜೋಹಡ್ ಹಿಡಿದು, ನೀರಿದೆ, ಹೇಳಿಕೆ ನಿಜ ಎಂದು ಬರೆದಿದ್ದ. ಪಕ್ಷದವರ ವಿಡಿಯೊ ನೋಡಿ ಮರುಳಾಗಿದ್ದಾನೆ ಎಂದುಕೊಂಡು ಅಹಲ್ಯಾ ಫೇಲ್ ಮಾಡಿದಳು.

ಹುಡುಗ ಕಾರಿಡಾರಿನಲ್ಲಿ ಅಡ್ಡ ನಿಂತ. ಕಷ್ಟ ಬಂದಾಗ ಮಾತ್ರ ಅವನಿಗೆ ಕನ್ನಡ ನೆನಪಾಗುತ್ತಿತ್ತು.

“ಮ್ಯಾಮ್, ನಾನು ಹೋಗಿ ನೋಡಿ ಬಂದೆ. ಸಚ್‌ಮುಚ್, ನಿಜವಾಗ್ಲೂ ನೀರು ಇದೆ. ನೀವು ಯಾವಾಗ ಹೋಗಿದ್ರಿ?”

ಅಹಲ್ಯಾ ಹೋಗಿರಲೇ ಇಲ್ಲ. ಚಿತ್ರ ಯಾವುದೋ ಪತ್ರಿಕೆಯದು, ಯಾವ ತಿಂಗಳಿನದೆಂದೂ ಅವಳಿಗೆ ತಿಳಿಯದು. ಗದಗಿನ ಕಡೆ ಹಳ್ಳಿಯಲ್ಲಿ ಕೆರೆಯ ದಂಡೆಯಲ್ಲೇ ಆಡಿ ಬೆಳೆದವಳಿಗೆ, ಕೆರೆ ವರ್ಷವಿಡೀ ಒಂದೇ ಥರ ಇರುವುದಿಲ್ಲವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಭಾನುವಾರ ಎಲ್ಲರೂ ಹೋಗಿಯೇ ನೋಡೋಣ ಅಂದುಬಿಟ್ಟಳು. ಅಂದ ಮೇಲೆ ಶುರುವಾಯಿತು ಕಸಿವಿಸಿ. ನೀರಿದ್ದರೆ ನಾಳೆಯಿಂದ ಯಾವ ಮುಖ ಹೊತ್ತು ಪಾಠ ಮಾಡುವುದು?

ಬಸ್ಸಿಳಿದು, ಇ-ರಿಕ್ಷಾಗಳಲ್ಲಿ ಒತ್ತೊತ್ತಾಗಿ ಕೂತು, ಸಾಸಿವೆ ಹೊಲಗಳ ನಡುವೆ ಕುಲುಕಾಡುತ್ತ ಊರು ಸೇರಿದರು. ಜೋಹಡ್ ತುಂಬ ನೀರು. ಎಮ್ಮೆಗಳು ಮೂಗಷ್ಟೇ ಮೇಲಿಟ್ಟುಕೊಂಡು ಹಾಯಾಗಿ ಮುಳುಗಿದ್ದವು. ಹುಡುಗರೆಲ್ಲ ಒಮ್ಮೆ ನೀರು ನೋಡಿದರು, ಒಮ್ಮೆ ಮೇಡಂ ಮುಖ ನೋಡಿದರು. ಎಮ್ಮೆಗಳನ್ನೂ ಪಕ್ಷದವರೇ ಬಾಡಿಗೆಗೆ ತಂದಿರಬೇಕು ಎಂದು ವಿದ್ಯಾರ್ಥಿನಿ ಪ್ರೇರಣಾ ಮೆಲ್ಲಗೆ ಹೇಳಿದಳು. ಅಹಲ್ಯಾಗೂ ನಗು ತಡೆಯಲಾಗಲಿಲ್ಲ.

ದಂಡೆಯ ಮೇಲೆ ಎಮ್ಮೆ ಕಾಯುತ್ತ ಕೂತಿದ್ದ ಹೆಂಗಸನ್ನು ವಿಚಾರಿಸಿದರು. ಚುನಾವಣೆಗೆ ಮುಂಚೆ ಮಷೀನು ಬಂದು ಹೂಳು ಎತ್ತಿದ್ದು ನಿಜ, ಆಮೇಲಿನ ಮಳೆಗೆ ತುಂಬಿದ್ದೂ ನಿಜ, ಮೊದಲೆಲ್ಲ ಬೇಸಿಗೆಯಲ್ಲಿ ಇಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು ಎಂದಳು.

ಚರಣ್ ಗೆದ್ದೆನೆಂದು ಕುಣಿಯಲಿಲ್ಲ. ಚಪ್ಪಲಿಯ ಕೆಸರು ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ನಿಂತಿದ್ದ. ಅಹಲ್ಯಾ ಎಲ್ಲರಿಗೂ ಕೇಳುವಂತೆ ಮೊದಲು ಹಿಂದಿಯಲ್ಲಿ ತನ್ನ ತಪ್ಪು ಒಪ್ಪಿಕೊಂಡಳು. ಆಮೇಲೆ ಅವನೊಬ್ಬನಿಗೆ ಕನ್ನಡದಲ್ಲಿ ಹೇಳಿದಳು.

“ನೋಡದೆ ನಕ್ಕವಳು ನಾನು ಕಣೋ. ನಿನ್ನ ಮಾರ್ಕ್ಸ್ ಬದಲಾಯಿಸ್ತೀನಿ.”

“ಮತ್ತೆ ಆ ಫೋಟೊ, ಮ್ಯಾಮ್?”

“ಅದು ಇರ್ಲಿ. ನಾಯಕರ ಮಾತಿನ ಕೆಳಗೆ, ಅದು ಸುಳ್ಳು ಅಂದ ನನ್ನ ಮಾತನ್ನೂ ಬರೀತೀನಿ. ಎರಡನ್ನೂ ಪರೀಕ್ಷೆ ಮಾಡಿ.”

ಚರಣ್ ಹಿಂದಿಯಲ್ಲಿ ತಿಳಿಸಿದ ಮೇಲೆ ಹುಡುಗರಿಗೆ ಇದು ಬಹಳ ಹಿಡಿಸಿತು. ನೀರಿರುವುದು ವರ್ಷದಲ್ಲಿ ಎಷ್ಟು ತಿಂಗಳು, ಹೂಳೆತ್ತಿಸಿದ್ದು ಯಾರ ದುಡ್ಡಿನಲ್ಲಿ ಎಂದು ಅಲ್ಲೇ ಮೇಡಂ ಮೇಲೆ ಪ್ರಶ್ನೆಗಳ ಸುರಿಮಳೆ. ಅವಳಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು. ಹಾಗೆ ಹೇಳಿದಷ್ಟೂ ಮೈ ಹಗುರಾಗುತ್ತ ಬಂತು.

ಅಷ್ಟರಲ್ಲಿ ಯಾರೋ ಎರಡನೆಯ ಜೋಹಡ್ ಎಲ್ಲಿ ಎಂದರು. ಎಮ್ಮೆ ಕಾಯುವವಳು ಊರಾಚೆ ಕೈ ತೋರಿಸಿದಳು. ಅದರಲ್ಲಿ ಹನಿ ನೀರೂ ಇಲ್ಲವಂತೆ, ತಾನಂತೂ ಆ ಕಡೆ ಹೋಗಿಲ್ಲ, ಜನ ಹಾಗನ್ನುತ್ತಾರೆ ಎಂದಳು.

“ದೇಖಾ! ನೋಡಿದ್ರಾ, ಅರ್ಧ ಸುಳ್ಳು,” ಎಂದಳು ಪ್ರೇರಣಾ.

ಹೌದಲ್ಲ ಎನ್ನಲು ಅಹಲ್ಯಾ ಬಾಯಿ ತೆರೆದಿದ್ದಳು. ಹಾಗೇ ಮುಚ್ಚಿಕೊಂಡು, ಸೀರೆಯ ನೆರಿಗೆ ಮೇಲೆತ್ತಿ ಹಿಡಿದು ಬದುವಿನ ಮೇಲೆ ಆ ಎರಡನೆಯ ಜೋಹಡ್ ಕಡೆ ಹೊರಟಳು. ಹುಡುಗರು ಬಿಸಿಲನ್ನು ಬೈಯುತ್ತ ಹಿಂಬಾಲಿಸಿದರು.