ಹಳೆಯ ಹೆಡ್‌ಫೋನಿಗೆ ಕೇಳಿಸದ್ದು

ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ದರ್ಜಿಯಲ್ಲ, ಕ್ಷೌರಿಕನೂ ಅಲ್ಲ. ಕೇಳುವ ಪುಸ್ತಕಗಳನ್ನು ತಯಾರಿಸುವ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಯಾರೋ ಓದಿ ಮುಗಿಸಿದ್ದನ್ನು ಕಂಪ್ಯೂಟರಿಗೆ ಹಾಕಿಕೊಂಡು, ಅದರೊಳಗಿನ ಕೆಮ್ಮು, ತೊದಲು, ಪುಟ ತಿರುವಿದ ಸದ್ದು, ಎಲ್ಲಕ್ಕಿಂತ ಹೆಚ್ಚಾಗಿ ಉಸಿರೆಳೆದುಕೊಂಡ ಸದ್ದು, ಇವನ್ನೆಲ್ಲ ಕತ್ತರಿಸಿ ತೆಗೆಯುವುದೇ ಅವನ ಹೊಟ್ಟೆಪಾಡು. ಅವನು ಕೈಯಾಡಿಸಿದ ಮೇಲೆ, ಓದಿದವರಿಗೆ ಶ್ವಾಸಕೋಶ ಎಂಬುದೇ ಇಲ್ಲವೇನೋ ಎನ್ನಿಸಬೇಕು. ಆ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಇಂಥ ಕೆಲಸಗಾರನ ಹೆಡ್‌ಫೋನನ್ನು ನೋಡಿದರೆ ಮಾತ್ರ ಅಯ್ಯೋ ಎನ್ನಿಸುತ್ತಿತ್ತು. ಕಿವಿಯ ಮೆತ್ತೆಗಳು ಸುಲಿದು, ಅವುಗಳ ಕರಿಚೂರು ಕೆನ್ನೆಗೆ ಅಂಟಿಕೊಳ್ಳುತ್ತಿತ್ತು. ತಂತಿಗೆ ಎರಡು ಕಡೆ ಟೇಪು. ಒಳಗೆ ಸದಾ ಗುಂಯ್ ಎನ್ನುವ ಸದ್ದು, ಅದಕ್ಕೆ ಅವನು ಎಷ್ಟು ಒಗ್ಗಿಹೋಗಿದ್ದನೆಂದರೆ ಅದೊಂದು ಸದ್ದು ಎಂಬುದೇ ಮರೆತುಹೋಗಿತ್ತು. ಒಳ್ಳೆಯದೊಂದನ್ನು ಕೊಳ್ಳಬೇಕೆಂದು ಆಗಾಗ ಹುಮ್ಮಸ್ಸು ಬರುತ್ತಿತ್ತು. ಯಾರು ಯಾರೋ ಬರೆದ ಅಭಿಪ್ರಾಯಗಳನ್ನೆಲ್ಲ ಕೂತು ಓದುತ್ತಿದ್ದ. ಕೊನೆಗೆ ಬೆಲೆಯ ಮೇಲೆ ಕಣ್ಣು ಬಿದ್ದದ್ದೇ ಹುಮ್ಮಸ್ಸು ಅಲ್ಲಿಗೇ ತಣ್ಣಗಾಗುತ್ತಿತ್ತು.

"ಹೆಡ್‌ಫೋನ್ ಹೊಸದಾದ್ರೆ ಕಿವಿ ಹೊಸದಾಗುತ್ತಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದ.

"ನನ್ನನ್ನ್ಯಾಕೆ ಕೇಳ್ತೀರಿ? ಹೇಗೂ ನೀವು ತಗೊಳ್ಳೋದಿಲ್ಲ," ಎನ್ನುತ್ತಿದ್ದಳು ಅವಳು.

ಅವನ ಅತ್ಯುತ್ತಮ ಕೆಲಸವೆಲ್ಲ ಅಕ್ಕನ ದನಿಯ ಮೇಲೆ ಮಾಡಿದ್ದು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಅಕ್ಕ, ಪಕ್ಕದ ಬೀದಿಯಲ್ಲಿ ಭಾವನ ಜೊತೆ ಇದ್ದಳು. ಇವನೇ ಕಂಪನಿಗೆ ಹೇಳಿ ಅವಳಿಗೆ ಓದುವ ಕೆಲಸ ಕೊಡಿಸಿದ್ದ. ಬೆಳಗಿನ ಮನೆಗೆಲಸ ಮುಗಿಸಿಕೊಂಡು ಬರುವಳು. ಗೋಡೆಗೆಲ್ಲ ದಪ್ಪ ಕಂಬಳಿ ನೇತುಹಾಕಿದ ಹಿಂದಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಓದುವಳು. ಅವಳು ಓದಿದರೆ ಕತೆಯಲ್ಲಿನ ಕಳ್ಳನೂ ಒಳ್ಳೆಯವನಂತೆ ಕೇಳಿಸುತ್ತಿದ್ದ.

ಓದು ಶುರುವಾಗುವ ಮೊದಲು ಒಂದು ಶಾಸ್ತ್ರವಿತ್ತು. ಅದಕ್ಕೆ ಅವನು 'ಖಾಲಿ ತುಂಬಿಕೊಳ್ಳೋದು' ಎನ್ನುತ್ತಿದ್ದ. ಉಸಿರನ್ನು ಕತ್ತರಿಸಿದ ಜಾಗವನ್ನು ಹಾಗೇ ಬಿಟ್ಟರೆ, ಕೇಳುವವನ ಕಿವಿ ಹಳ್ಳಕ್ಕೆ ಬಿದ್ದಂತೆ ಎಡವುತ್ತದೆ. ಅಲ್ಲಿ ಅದೇ ಕೋಣೆಯ ಮೌನವನ್ನು ತಂದು ತೇಪೆ ಹಾಕಬೇಕು. ಹಾಗಾಗಿ ಪ್ರತಿ ಪುಸ್ತಕಕ್ಕೂ ಮೊದಲು ಫ್ಯಾನು, ಫ್ರಿಜ್ಜು ಎಲ್ಲ ಬಂದ್. ಅಡುಗೆಮನೆಯಲ್ಲಿ ಹೆಂಡತಿ ಸೌಟು ಕೆಳಗಿಟ್ಟು ನಿಲ್ಲಬೇಕು. ಅಕ್ಕ ಮೈಕಿನ ಮುಂದೆ ತುಟಿ ಬಿಗಿದು ಕೂರಬೇಕು. ಯಾರೂ ಮಾತಾಡದ ಆ ಹೊತ್ತನ್ನು ಅವನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

ತರಗತಿಯಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸಿದವಳಿಗೆ ತಾನು ಸುಮ್ಮನೆ ಕೂರುವುದು ಮಾತ್ರ ಆಗದು. ಪ್ರತಿ ಸಲವೂ ತಡೆಯಲಾರದೆ, "ಆಯ್ತಾ?" ಎನ್ನುವಳು.

"ಆಯ್ತು ಅಕ್ಕ," ಎನ್ನುವನು ಇವನು, ನಗುತ್ತ. ಆಮೇಲೆ ಆ 'ಆಯ್ತಾ'ವನ್ನು ಕತ್ತರಿಸಿ ಬಿಸಾಡುವನು.

ವರ್ಷಗಳು ಕಳೆದಂತೆ ಕತ್ತರಿಯ ಕೈ ಎಷ್ಟು ಪಳಗಿತೆಂದರೆ, ಕೇಳುವ ಅಗತ್ಯವೇ ಇಲ್ಲವಾಯಿತು. ಕಂಪ್ಯೂಟರ್ ಪರದೆಯ ಗೆರೆಯಲ್ಲಿ ಮಾತು ಗುಡ್ಡದಂತೆ ಏಳುತ್ತದೆ, ಅದರ ಹಿಂದೆ ಉಸಿರು ಅಕ್ಕಿಕಾಳಿನ ಹಾಗೆ ಸಣ್ಣಗೆ ಕಾಣುತ್ತದೆ. ಕಣ್ಣಲ್ಲೇ ನೋಡಿ ಚಕಚಕನೆ ಕತ್ತರಿಸುತ್ತಿದ್ದ. ಗುಂಯ್‌ಗುಡುವ ಹೆಡ್‌ಫೋನು ಅರ್ಧ ಹೊತ್ತು ಕತ್ತಿನಲ್ಲೇ ನೇತಾಡುತ್ತಿತ್ತು.

"ಲೋ, ಒಂದು ಒಳ್ಳೇದು ತಗೊಳ್ಳೋ. ಬೇಕಾದ್ರೆ ಅರ್ಧ ನಾನು ಹಾಕ್ತೀನಿ," ಎಂದಿದ್ದಳು ಅಕ್ಕ ಒಮ್ಮೆ, ಅವನ ಕೆನ್ನೆಗಂಟಿದ್ದ ಕರಿಚೂರನ್ನು ಉಗುರಿನಿಂದ ಕೀಳುತ್ತ.

"ನಿನ್ನ ದನಿಗೆ ಇದೇ ಹೆಚ್ಚಾಯ್ತು ಬಿಡಕ್ಕ."

"ಕತ್ತೆ," ಎಂದು ತಲೆಗೆ ಮೊಟಕಿದ್ದಳು.

ಅವಳ ಕೊನೆಯ ಎರಡು ಪುಸ್ತಕಗಳಲ್ಲಿ ಆ ಅಕ್ಕಿಕಾಳುಗಳು ಉದ್ದವಾಗಿದ್ದವು. ಬರಬರುತ್ತ ವಾಕ್ಯದ ನಡುವೆಯೂ ಕಾಣಿಸಿಕೊಳ್ಳತೊಡಗಿದವು. ಕತ್ತರಿ ಅದನ್ನು ನೋಡಿದ. ನೋಡಿ, ವಯಸ್ಸಾಯಿತು ಅಕ್ಕನಿಗೆ, ಓದುವ ಅಭ್ಯಾಸ ತಪ್ಪುತ್ತಿದೆ ಎಂದುಕೊಂಡು, ಇನ್ನಷ್ಟು ಅಗಲವಾಗಿ ಕತ್ತರಿಸಿದ, ಇನ್ನಷ್ಟು ಮೌನ ತೇಪೆ ಹಾಕಿದ. ಕೆಲಸ ಮುಗಿದಾಗ ಎಲ್ಲಿ ತೇಪೆಯಿದೆ ಎಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ಯಾರೋ ಒಬ್ಬ ಕೇಳುಗ ಮಾತ್ರ, ಸಾಲುಗಳ ನಡುವೆ ಎಲ್ಲೋ ಗಾಳಿ ಸೋರಿದಂತಿದೆ ಎಂದು ಕಂಪನಿಗೆ ದೂರಿದ್ದ. ಕತ್ತರಿ ತನ್ನ ಹೆಡ್‌ಫೋನಿನಲ್ಲಿ ಕೇಳಿದ. ಗುಂಯ್ ಬಿಟ್ಟರೆ ಏನೂ ಇಲ್ಲ. "ಅವರ ಫೋನೇ ಕೆಟ್ಟಿರಬೇಕು," ಎಂದು ಕೈತೊಳೆದುಕೊಂಡ.

ಅದೇ ದಿನಗಳಲ್ಲಿ ಅಕ್ಕ, "ಯಾಕೋ ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ ಕಣೋ, ಡಾಕ್ಟರಿಗೆ ತೋರಿಸ್ಲಾ ಅಂತ," ಎಂದಿದ್ದಳು. ಇವನು ಆಗತಾನೆ ಸಿದ್ಧವಾಗಿದ್ದ ಅಧ್ಯಾಯವನ್ನು ಸ್ಪೀಕರಿನಲ್ಲಿ ಹಾಕಿ ಕೇಳಿಸಿದ. ಒಂದೇ ಓಟದಲ್ಲಿ, ಎಲ್ಲೂ ದಣಿಯದೆ, ಹದಿಹರೆಯದವಳ ಹಾಗೆ ಓದಿದ್ದಳು ಅಕ್ಕ. ಅವಳ ಮುಖ ಅರಳಿತು.

"ನೋಡೋ! ನನಗೇನಾಗಿದೆ ಧಾಡಿ? ಸುಮ್ಮನೆ ಇಲ್ಲದ್ದು ತಲೆಗೆ ಹಚ್ಕೊಂಡೆ."

ಅದನ್ನೇ ಫೋನಿಗೆ ಹಾಕಿಸಿಕೊಂಡು, ಮನೆಗೆ ಹೋಗಿ ಭಾವನಿಗೂ ಗಟ್ಟಿಯಾಗಿ ಕೇಳಿಸಿದಳು. ಡಾಕ್ಟರ ಮಾತು ಅಲ್ಲಿಗೆ ನಿಂತುಹೋಯಿತು.

ಮತ್ತೆ ಅದು ಎದ್ದದ್ದು ಅವಳು ಮೆಟ್ಟಿಲ ಮೇಲೆಯೇ ಕುಸಿದು ಕೂತಾಗ. ಆಸ್ಪತ್ರೆಯ ಡಾಕ್ಟರು ಎಲ್ಲರನ್ನೂ ಕೇಳಿದರು: "ಉಸಿರಾಡುವಾಗ ಸದ್ದು ಬರ್ತಿತ್ತಲ್ಲ, ಬಹಳ ದಿನದಿಂದ ಇದ್ದಿರಬೇಕು. ಯಾರಿಗೂ ಕೇಳಿಸ್ಲಿಲ್ವಾ?" ಭಾವನ ಕಿವಿ ಮೊದಲೇ ಮಂದ. ಕತ್ತರಿ ಇಲ್ಲವೆಂದು ತಲೆಯಾಡಿಸಿದ. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಎಲ್ಲ ಡಾಕ್ಟರುಗಳೂ ಹೇಳುವ ಮಾತು ಎಂದು ಅವನು ಆಗ ಸಮಾಧಾನ ಮಾಡಿಕೊಂಡ. ಆ ತಿಂಗಳು ಕಳೆಯುವುದರೊಳಗೆ ಅಕ್ಕ ಹೋಗಿಬಿಟ್ಟಳು.

ಅವಳು ಹೋಗಿ ಒಂದು ವರ್ಷವಾದ ಮೇಲೆ ಹಳೆಯ ಹೆಡ್‌ಫೋನಿನ ಬಲಗಿವಿ ಪೂರ್ತಿ ಸತ್ತಿತು. ಅವನು ಟೇಪು ಹುಡುಕತೊಡಗಿದ್ದನ್ನು ಕಂಡು ಹೆಂಡತಿ, "ಸಾಕು ಮಾಡಿ ಇನ್ನು," ಎಂದು ಅವನನ್ನು ಅಂಗಡಿಗೆ ಅಟ್ಟಿದಳು.

ಅಂಗಡಿಯಾಕೆ ನಿಧಾನದ ಹೆಂಗಸು. ಗಾಜಿನ ಬಾಗಿಲಿನ ಹಿಂದೆ ಸದ್ದಿಲ್ಲದ ಸಣ್ಣ ಕೋಣೆಯಿತ್ತು. ಅವನನ್ನು ಅಲ್ಲಿ ಕೂರಿಸಿ, ಬೆಲೆ ಕೇಳಿದರೆ ಬೆವರು ಬರುವಂಥ ಹೆಡ್‌ಫೋನೊಂದನ್ನು ತಂದಿಟ್ಟಳು.

"ನಿಮಗೆ ಬಾಯಿಪಾಠ ಆಗಿರೋದನ್ನೇ ಹಾಕಿ ಕೇಳಿ ಸಾರ್. ವ್ಯತ್ಯಾಸ ಆಗ್ಲೇ ಗೊತ್ತಾಗೋದು."

ಅಕ್ಕನ ಕೊನೆಯ ಪುಸ್ತಕವನ್ನು ಅವನು ಪೆನ್‌ಡ್ರೈವಿನಲ್ಲಿ ತಂದಿದ್ದ. ಹಾಕಿದ. ದನಿ ಹತ್ತಿರ ಬಂದಿತು, ನಿಜ. ಆದರೆ ಈ ಬೆಲೆಗೆ ಇಷ್ಟೇನಾ ಎಂದಿತು ಅವನ ಹಳೆಯ ಜಿಪುಣ ಬುದ್ಧಿ. ಎದ್ದುಬಿಡೋಣ ಎಂದು ಹೆಡ್‌ಫೋನಿಗೆ ಕೈಹಾಕಿದವನು ಹಾಗೇ ಕೂತುಬಿಟ್ಟ. ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ, ತಾನೇ ತೇಪೆ ಹಾಕಿದ ಮೌನದೊಳಗೆ, ಏನೋ ಇತ್ತು.

ಅದೇ ಪೆನ್‌ಡ್ರೈವಿನಲ್ಲಿ ಆ ಪುಸ್ತಕದ 'ಖಾಲಿ'ಯೂ ಇತ್ತು. ಮೂಲ ಓದನ್ನೆಲ್ಲ ಅವನು ಕೆಲಸ ಮುಗಿದೊಡನೆ ಅಳಿಸಿಹಾಕುತ್ತಿದ್ದ, ಕಸ ಇಟ್ಟುಕೊಳ್ಳುವುದು ಅವನಿಗೆ ಆಗದು. ಉಳಿದದ್ದು ಇದೊಂದೇ. ಅದನ್ನು ಹಾಕಿ ಕಣ್ಣು ಮುಚ್ಚಿದ.

ಖಾಲಿ ಖಾಲಿಯಾಗಿರಲಿಲ್ಲ. ಅಕ್ಕ ಅಲ್ಲಿ ಕೂತಿದ್ದಳು. ಕುರ್ಚಿ ತುಸು ಕಿರುಗುಟ್ಟಿತು. ಉಸಿರು ಒಳಗೆ ಹೋಯಿತು. ಹೊರಗೆ ಬರುವಾಗ, ಮುಚ್ಚಿದ ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ, ಸುಂಯ್ ಎಂದು ಎಳೆಎಳೆಯಾಗಿ ಬಂದಿತು. ಮತ್ತೆ ಒಳಗೆ, ಮತ್ತೆ ಸುಂಯ್. ತುಟಿ ಬಿಗಿದುಕೊಂಡು, ತಮ್ಮನ ಕೆಲಸ ಕೆಡಬಾರದೆಂದು, ಅವಳು ಅದನ್ನು ಹಿಡಿದಿಡಲು ಒದ್ದಾಡುತ್ತಿದ್ದಳು. ಈ ಸದ್ದನ್ನೇ ಅವನು ಪುಸ್ತಕದುದ್ದಕ್ಕೂ ಸಾಲುಸಾಲಿನ ನಡುವೆ ಅಂಟಿಸಿದ್ದ. ದೂರಿದವನ ಫೋನು ಚೆನ್ನಾಗಿಯೇ ಇತ್ತು. ಡಾಕ್ಟರು ಕೇಳಿದ್ದ ಸದ್ದು ಇದೇ. ಅಕ್ಕನ ಕಾಯಿಲೆಯನ್ನು ಅಕ್ಕನಿಂದಲೇ ಬಚ್ಚಿಟ್ಟವನು ತಾನು, ಅದೂ ಅಷ್ಟು ಅಚ್ಚುಕಟ್ಟಾಗಿ. ಅವನಿಗೆ ತನ್ನ ಕೈಗಳನ್ನು ನೋಡಿಕೊಳ್ಳಲೂ ಅಸಹ್ಯವಾಯಿತು.

ಖಾಲಿಯ ಕೊನೆಯಲ್ಲಿ ಅವಳು ಇನ್ನೊಮ್ಮೆ ಉಸಿರೆಳೆದುಕೊಂಡಳು, ಮಾತಾಡುವ ಮೊದಲು ಎಳೆದುಕೊಳ್ಳುವಂಥ ಗಡಿಬಿಡಿಯ ಸಣ್ಣ ಉಸಿರು. ಅಲ್ಲಿಗೆ ಕಡಿದುಹೋಯಿತು. ಮುಂದಿನದನ್ನು ಅವನೇ ಬಿಸಾಡಿದ್ದ.

ಗಾಜಿನ ಬಾಗಿಲು ತೆರೆದು ಅಂಗಡಿಯಾಕೆ ಇಣುಕಿದಳು. "ಹೇಗಿದೆ ಸಾರ್? ವ್ಯತ್ಯಾಸ ಗೊತ್ತಾಯ್ತಾ?"

"ಗೊತ್ತಾಯ್ತು," ಎಂದ. "ಪ್ಯಾಕ್ ಮಾಡಿಕೊಡಿ."

"ಕೊಟ್ಟ ದುಡ್ಡಿಗೆ ಮೋಸ ಇಲ್ಲ ಸಾರ್."

"ಇಲ್ಲಮ್ಮ. ತಗೊಳ್ಳೋದು ತಡವಾಯ್ತು, ಅಷ್ಟೆ."

ಮನೆಗೆ ಬಂದು, ಕಂಬಳಿ ಕಟ್ಟಿದ ಕೋಣೆಯಲ್ಲಿ ತನ್ನ ಜಾಗ ಬಿಟ್ಟು ಅಕ್ಕನ ಕುರ್ಚಿಯಲ್ಲಿ ಕೂತ. ಪೆಟ್ಟಿಗೆಯನ್ನು ಕಂಡ ಹೆಂಡತಿ ಬೆಲೆ ಕೇಳಲು ಬಾಗಿಲವರೆಗೆ ಬಂದವಳು, ಅವನ ಮುಖ ನೋಡಿ ಅಲ್ಲೇ ನಿಂತಳು. ಅವನು ಹೆಡ್‌ಫೋನ್ ಹಾಕಿಕೊಂಡು ಖಾಲಿಯನ್ನು ಮೊದಲಿನಿಂದ ಹಚ್ಚಿದ. ಕುರ್ಚಿ ಕಿರುಗುಟ್ಟಿತು. ಉಸಿರು ಬಂದಿತು, ಹೋಯಿತು. ಕೊನೆಯ ಆ ಸಣ್ಣ ಉಸಿರು ಬಂದು ಕಡಿದುಹೋದಾಗ, ಹೆಂಡತಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ಆಯ್ತು ಅಕ್ಕ," ಎಂದ.

ಆಮೇಲೆ ಮತ್ತೆ ಮೊದಲಿನಿಂದ ಹಚ್ಚಿದ.